ಮಿದುಳಿನ ‘ಕನೆಕ್ಷನ್’ ಚುಚ್ಚುಮದ್ದಿನಿಂದ ಕೂಡುತ್ತದೆಯೇ?

ಆಟಿಸಂ (ಮಾತು, ಒಡನಾಟದ ಬೆಳವಣಿಗೆಯ ತೊಂದರೆ) ಇರುವ ಮಗುವಿನ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಿಂದ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಮೂಲ ಕೋಶ) ಬೇರ್ಪಡಿಸಿ, ಬೆನ್ನುಹುರಿಯ ಸುತ್ತಲಿನ ನೀರಿಗೆ ಚುಚ್ಚಿದರೆ ಮಿದುಳಿನ ಸಂಪರ್ಕಗಳು ಮತ್ತೆ ಕೂಡಿಕೊಳ್ಳುತ್ತವೆ ಎನ್ನುವ ವಿಡಿಯೊಗಳು ಈಗ ಹಾಸನ, ಚಿಕ್ಕಮಗಳೂರಿನ ತಾಯಂದಿರ ಫೋನುಗಳಿಗೂ ಬರುತ್ತಿವೆ. ಮಾತು ಬಾರದಿದ್ದ ಮಗು ‘ಅಮ್ಮ’ ಅನ್ನುತ್ತದೆ, ಹಿಂದೆ ಪಿಟೀಲಿನ ಸದ್ದು, ಕೆಳಗೊಂದು ಮೊಬೈಲ್ ನಂಬರು.

ಅರಸೀಕೆರೆ ಕಡೆಯ ತೆಂಗಿನ ತೋಟದವರೊಬ್ಬರು ಅಂಥದ್ದೇ ಒಂದನ್ನು ನನಗೆ ತೋರಿಸಿ ಕೇಳಿದ್ದರು: ‘ಮೇಷ್ಟ್ರೇ, ನೀವು ಬಯಾಲಜಿ ಹೇಳೋರು. ಕನೆಕ್ಷನ್ ಸರಿ ಹೋಯ್ತದೆ ಅಂತಾವ್ರೆ. ಕೊಬ್ಬರಿ ಮಾರಿದ್ ದುಡ್ಡು ಐತೆ. ಹಾಕ್ಲಾ, ಬ್ಯಾಡ್ವಾ?’

ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಮಗುವಿಗಾಗಿ ಏನು ಬೇಕಾದರೂ ಮಾರಲು ಸಿದ್ಧರಾಗಿ ಕೂತವರಿಗೆ ಬರೀ ‘ಬೇಡ’ ಸಾಲುವುದಿಲ್ಲ. ಮಿದುಳಿನಲ್ಲಿ ಸಂಪರ್ಕ ಎಂಬುದು ಆಗುವುದಾದರೂ ಹೇಗೆ ಎಂದು ಗೊತ್ತಾದರೆ, ಈ ವಿಡಿಯೊ ಎಲ್ಲಿ ದಾರಿ ತಪ್ಪಿಸುತ್ತದೆ ಎಂಬುದೂ ಗೊತ್ತಾಗುತ್ತದೆ. ನರಕೋಶಗಳ ಮೈಮೇಲೆ ಒಂದು ಬಗೆಯ ಪ್ರೋಟೀನುಗಳಿವೆ. ಪಕ್ಕದ ಕೋಶವನ್ನು ಗುರುತಿಸುವುದು, ಹಿಡಿದುಕೊಳ್ಳುವುದು, ಬೇಕಾದಾಗ ಬಿಟ್ಟು ಸರಿಯುವುದು ಅವುಗಳ ಕೆಲಸ. ಅಂಟು ಪ್ರೋಟೀನ್ ಎಂದು ಕರೆಯೋಣ. ಮಿದುಳು, ಬೆನ್ನುಹುರಿ, ನರಗಳು ಈ ಆಕಾರಕ್ಕೆ ಬರುವುದರಲ್ಲಿ ಇವುಗಳ ಪಾಲು ದೊಡ್ಡದು. ಇವು ಗೊತ್ತಾದ ಜಾಗದಲ್ಲಿ, ಗೊತ್ತಾದ ಹೊತ್ತಿಗೆ ಮಾತ್ರ ಕೆಲಸ ಮಾಡುತ್ತವೆ. ಮೂಲ ಜೋಡಣೆಯ ಹೊತ್ತು ಬಹುಪಾಲು ಮಗು ಹುಟ್ಟುವ ಮೊದಲೇ ಕಳೆದಿರುತ್ತದೆ. ದುಡ್ಡು ಮತ್ತು ಗಮನ ಎರಡೂ ಹೊತ್ತು ಮೀರಿದ ಕಡೆ ಹರಿಯುತ್ತಿವೆ, ಹೊತ್ತು ಇರುವ ಕಡೆಗಲ್ಲ ಎಂಬುದೇ ನನ್ನ ತಕರಾರು.

ಮೊದಲ ಇಪ್ಪತ್ತೆಂಟು ದಿನ

1955ರಲ್ಲಿ ಫಿಲಿಪ್ ಟೌನ್ಸ್ ಮತ್ತು ಯೊಹಾನೆಸ್ ಹೋಲ್ಟ್‌ಫ್ರೆಟರ್ ಉಭಯವಾಸಿಗಳ ಭ್ರೂಣದ ಕೋಶಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿದರು. ಮುಂದೆ ಚರ್ಮವಾಗಬೇಕಿದ್ದವು, ಮುಂದೆ ನರವಾಗಬೇಕಿದ್ದವು ಎಲ್ಲವನ್ನೂ ಕಲಸಿ ಒಂದೇ ತಟ್ಟೆಗೆ ಹಾಕಿದರು. ಮೊದಲು ಎಲ್ಲವೂ ಒಂದೇ ಉಂಡೆಯಾದವು. ಆಮೇಲೆ ತಾವಾಗಿಯೇ ಸರಿದಾಡಿ, ಚರ್ಮದ ಕೋಶಗಳು ಹೊರಗೆ, ನರದ ಕೋಶಗಳು ಒಳಗೆ ಸೇರಿಕೊಂಡವು. ಯಾರೂ ವಿಂಗಡಿಸಲಿಲ್ಲ. ಹಾಗಿದ್ದರೆ ಕೋಶಕ್ಕೆ ತನ್ನ ಜಾತಿಯ ಇನ್ನೊಂದು ಕೋಶ ಗೊತ್ತಾಗುವಂಥದ್ದು ಅದರ ಮೈಮೇಲೆ ಏನೋ ಇರಲೇಬೇಕು.

ಆ ‘ಏನೋ’ ಕೈಗೆ ಸಿಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 1970ರ ದಶಕದಲ್ಲಿ ಜಪಾನಿನ ಮಸಾತೋಶಿ ತಾಕೆಯಿಚಿ, ಕೋಶಗಳು ಒಂದನ್ನೊಂದು ಹಿಡಿಯುವ ಒಂದು ಬಗೆಗೆ ಕ್ಯಾಲ್ಸಿಯಂ ಬೇಕೇ ಬೇಕು ಎಂದು ತೋರಿಸಿದರು. ಕ್ಯಾಲ್ಸಿಯಂ ತೆಗೆದರೆ ಹಿಡಿತ ಸಡಿಲ, ಮತ್ತೆ ಹಾಕಿದರೆ ಬಿಗಿ. ಆ ಹಿಡಿತದ ಪ್ರೋಟೀನುಗಳ ಕುಟುಂಬಕ್ಕೆ ಕ್ಯಾಡ್‌ಹೆರಿನ್ ಎಂದು ಹೆಸರಾಯಿತು. ಹೆಚ್ಚಿನವು ತಮ್ಮದೇ ಬಗೆಯನ್ನು ಹುಡುಕಿ ಹಿಡಿಯುತ್ತವೆ: ಇ-ಕ್ಯಾಡ್‌ಹೆರಿನ್ ಇರುವ ಕೋಶ ಇ-ಕ್ಯಾಡ್‌ಹೆರಿನ್ ಇರುವ ಕೋಶವನ್ನು, ಎನ್-ಕ್ಯಾಡ್‌ಹೆರಿನ್ ಇರುವುದು ಎನ್ ಇರುವುದನ್ನು.

ಭ್ರೂಣದ ಬೆನ್ನಿನ ಮೇಲಿನ ಒಂದು ಪಟ್ಟಿ ಒಳಕ್ಕೆ ಮಡಚಿ, ಅಂಚುಗಳು ಎದುರುಬದುರು ಬಂದು ಕೂಡಿ, ಕೊಳವೆಯಾಗುತ್ತದೆ. ಇದೇ ನರಕೊಳವೆ, ಇದರ ತಲೆಯ ತುದಿ ಮಿದುಳಾಗುತ್ತದೆ, ಉಳಿದದ್ದು ಬೆನ್ನುಹುರಿ. ಮಡಚಿಕೊಳ್ಳುವಾಗ ಆ ಪಟ್ಟಿಯ ಕೋಶಗಳು ಇ-ಕ್ಯಾಡ್‌ಹೆರಿನ್ ಬಿಟ್ಟು ಎನ್-ಕ್ಯಾಡ್‌ಹೆರಿನ್ ತೊಡುತ್ತವೆ. ಮೇಲೆ ಉಳಿಯುವ ಚರ್ಮದ ಕೋಶಗಳು ಹಳೆಯದನ್ನೇ ಉಳಿಸಿಕೊಳ್ಳುತ್ತವೆ. ಹಾಗಾಗಿ ಕೊಳವೆ ಚರ್ಮದಿಂದ ಬೇರೆಯಾಗಿ ಒಳಗೆ ಇಳಿಯುತ್ತದೆ. ಕ್ಯಾಡ್‌ಹೆರಿನ್ ಕುಟುಂಬದ್ದೇ ಆದ, ಕೋಶಗಳು ಯಾವ ದಿಕ್ಕಿಗೆ ಸರಿಯಬೇಕೆಂದು ಸೂಚಿಸುವ ಸೆಲ್ಸರ್1 ಎಂಬ ಪ್ರೋಟೀನ್ ಕೆಟ್ಟ ಇಲಿಮರಿಗಳಲ್ಲಿ ಈ ಕೊಳವೆ ಹೆಚ್ಚುಕಡಿಮೆ ಉದ್ದಕ್ಕೂ ತೆರೆದೇ ಉಳಿಯುತ್ತದೆ. ಮನುಷ್ಯರಲ್ಲಿ ಕೆಳತುದಿ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ: ಬೆನ್ನಿನ ಮೇಲೆ ಗಂಟು, ಕಾಲುಗಳಲ್ಲಿ ಬಲವಿಲ್ಲ, ಮೂತ್ರದ ಹಿಡಿತವಿಲ್ಲ. ಮೇಲಿನ ತುದಿ ಮುಚ್ಚದಿದ್ದರೆ ಮಗು ಬದುಕುವುದಿಲ್ಲ.

ಈ ಇಡೀ ಕೆಲಸ ಗರ್ಭ ಕಟ್ಟಿದ ಸುಮಾರು 28ನೇ ದಿನಕ್ಕೆ ಮುಗಿದುಹೋಗುತ್ತದೆ. ಲೆಕ್ಕ ಹಾಕಿ ನೋಡಿ. ಗರ್ಭ ಕಟ್ಟಿ ಎರಡು ವಾರಕ್ಕೆ ಮುಟ್ಟು ತಪ್ಪುತ್ತದೆ. ‘ಇನ್ನೊಂದು ವಾರ ನೋಡೋಣ’ ಅಂದುಕೊಂಡು, ಮೆಡಿಕಲ್ ಶಾಪಿನಿಂದ ಕಿಟ್ ತಂದು, ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಮಾಡಿಸುವಷ್ಟರಲ್ಲಿ ಕೊಳವೆ ಮುಚ್ಚಿರುತ್ತದೆ, ಇಲ್ಲವೇ ಮುಚ್ಚದೆ ಉಳಿದಿರುತ್ತದೆ. ಹನ್ನೆರಡು ವಾರದೊಳಗೆ ನೋಂದಣಿ ಆಯಿತೆಂದರೆ ಇಲಾಖೆಯ ಲೆಕ್ಕದಲ್ಲಿ ಬೇಗ. ನರಕೊಳವೆಯ ಲೆಕ್ಕದಲ್ಲಿ ಅದು ಬಹಳ ತಡ. ಸಕಲೇಶಪುರ, ಮೂಡಿಗೆರೆಯ ಎಸ್ಟೇಟ್‌ಗಳ ಲೈನ್ ಮನೆಗಳಿಗೆ ಹೊರಗಿನಿಂದ ಕೆಲಸಕ್ಕೆ ಬಂದ ಹೆಣ್ಣುಮಕ್ಕಳಿಗೆ ಆ ನೋಂದಣಿಯೂ ದೂರದ ಮಾತು.

ಇಲ್ಲಿ ಮಾಡಬಹುದಾದದ್ದು ಒಂದಿದೆ, ಅದು ತುಂಬ ಅಗ್ಗ. ಫೋಲಿಕ್ ಆಸಿಡ್ ಅಂಟು ಪ್ರೋಟೀನ್ ಅಲ್ಲ. ಡಿಎನ್‌ಎ ತಯಾರಾಗಲು, ಕೋಶಗಳು ಚುರುಕಾಗಿ ಹೆಚ್ಚಲು ಬೇಕಾದ ಜೀವಸತ್ವ. ಅದು ಸಾಕಷ್ಟಿದ್ದರೆ ಮಡಚುವ ಪಟ್ಟಿಯ ಅಂಚುಗಳು ಹೊತ್ತಿಗೆ ಸರಿಯಾಗಿ ಮುಟ್ಟುವ ಸಂಭವ ಹೆಚ್ಚು. ಮೊದಲೊಂದು ಮಗುವಿಗೆ ಇಂಥ ದೋಷವಾಗಿದ್ದ ತಾಯಂದಿರ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಅಧ್ಯಯನದಲ್ಲಿ, ಗರ್ಭಕ್ಕೆ ಮೊದಲಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಕೊಟ್ಟಾಗ ದೋಷ ಮರುಕಳಿಸುವುದು ಶೇ. 72ರಷ್ಟು ಇಳಿಯಿತು. ಮೊದಲ ಬಾರಿಯ ದೋಷವನ್ನೂ ತಡೆಯಬಹುದೆಂದು ಮರುವರ್ಷ ಹಂಗೆರಿಯ ಅಧ್ಯಯನ ತೋರಿಸಿತು. ಸಾಮಾನ್ಯ ಹೆಣ್ಣುಮಕ್ಕಳಿಗೆ ಗರ್ಭಕ್ಕೆ ಮೊದಲು ಮತ್ತು ಮೊದಲ ಮೂರು ತಿಂಗಳು ದಿನಕ್ಕೆ 400 ಮೈಕ್ರೋಗ್ರಾಂ ಎಂಬುದು ಈಗ ಎಲ್ಲೆಡೆಯ ಸಲಹೆ. ನಮ್ಮ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಮಾರ್ಗಸೂಚಿಯಲ್ಲೂ ಇದೇ ಇದೆ.

ಪಡಿತರದ ಅಕ್ಕಿಯಲ್ಲೇ ಸೇರಿಸಿ ಕೊಟ್ಟಿದ್ದಾರಲ್ಲ ಎನ್ನಬಹುದು. ಹೌದು, ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಬಿ12 ಜೊತೆಗೆ ಫೋಲಿಕ್ ಆಸಿಡ್ ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಕಿಲೋಗೆ 75ರಿಂದ 125 ಮೈಕ್ರೋಗ್ರಾಂ. ಒಬ್ಬಾಕೆ ತಿಂಗಳಿಗೆ 10 ಕಿಲೋ ಅಕ್ಕಿ ಉಂಡಳೆಂದೇ ಇಟ್ಟುಕೊಳ್ಳಿ, ದಿನಕ್ಕೆ ಸಿಗುವುದು 25ರಿಂದ 42 ಮೈಕ್ರೋಗ್ರಾಂ. ಹೆಚ್ಚೆಂದರೆ ಬೇಕಾದ ಪ್ರಮಾಣದ ಸುಮಾರು ಹತ್ತನೇ ಒಂದು ಪಾಲು. ರಾತ್ರಿ ಮುದ್ದೆ ಉಣ್ಣುವ ಮನೆಯಲ್ಲಿ ಅಷ್ಟೂ ಇಲ್ಲ. ಮೇಲಾಗಿ ನೂರು ಕಾಳಿಗೆ ಒಂದರಂತೆ ಬೆರೆಸಿದ ಆ ಬೇರೆ ಬಣ್ಣದ ಕಾಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಅಂತ ಮೊರದಲ್ಲಿ ಆರಿಸಿ ಎಸೆದವರೂ ಇದ್ದಾರೆ. ವಾರಕ್ಕೊಂದು ಕಬ್ಬಿಣದ ಮಾತ್ರೆಯಲ್ಲಿ 500 ಮೈಕ್ರೋಗ್ರಾಂ ಇರುತ್ತದೆ. ದಿನಕ್ಕೆ ಹಂಚಿದರೆ 71. ಅಕ್ಕಿಗಿಂತ ವಾಸಿ, ಸಾಲುವುದಿಲ್ಲ. ಸೊಪ್ಪು, ಕಾಳಿನಲ್ಲಿ ಫೋಲೇಟ್ ಸಹಜವಾಗಿಯೇ ಇದೆ, ನೀರಿನಲ್ಲಿ ಕರಗಿ ಹೋಗುವಂಥದ್ದು. ಬೆಂದ ನೀರನ್ನು ಬಸಿದು ಚೆಲ್ಲದೆ ಅದರಲ್ಲೇ ಸಾರು ಮಾಡುವ ನಮ್ಮ ಬಸ್ಸಾರು ಈ ದೃಷ್ಟಿಯಿಂದ ಬುದ್ಧಿವಂತರ ಅಡುಗೆ, ಬೇಯಿಸುವಾಗ ಒಂದಷ್ಟು ನಾಶವಾಗುತ್ತದೆ ಎಂಬುದನ್ನು ಬಿಟ್ಟರೆ. ಇಷ್ಟೆಲ್ಲ ಕೂಡಿದರೂ ಮದುವೆಯಾದ ತಿಂಗಳಿಂದಲೇ ದಿನಕ್ಕೊಂದು ಮಾತ್ರೆ ಕೊಡುವುದಕ್ಕೆ ಬದಲಿ ಇಲ್ಲ. ಆಶಾ ಕಾರ್ಯಕರ್ತೆಯ ಕೈಚೀಲದಲ್ಲಿ ಗರ್ಭಿಣಿಯ ಮಾತ್ರೆ ಇದೆ. ಹೊಸ ಮದುವಣಗಿತ್ತಿಯ ಮನೆಗೆ ಅದೇ ಮಾತ್ರೆ ತಲುಪಿಸುವ ರೂಢಿ ನಮ್ಮಲ್ಲಿ ಬಂದಿಲ್ಲ. ಮದುವೆ ನೋಂದಣಿಯ ದಿನವೇ ಮೂರು ತಿಂಗಳ ಪೊಟ್ಟಣ ಕೊಟ್ಟರೆ ಏನು ಕಷ್ಟ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಹಿಡಿದು, ಬಿಟ್ಟು, ಮುಂದೆ

ಕೊಳವೆ ಮುಚ್ಚಿದ ಮೇಲೆ ನರಕೋಶಗಳು ಹುಟ್ಟುತ್ತವೆ, ತಮ್ಮ ಜಾಗಕ್ಕೆ ವಲಸೆ ಹೋಗುತ್ತವೆ, ಅಲ್ಲಿಂದ ಆಕ್ಸಾನ್ ಎಂಬ ಎಳೆಯನ್ನು ಚಾಚುತ್ತವೆ. ಕೆಲವು ಎಳೆಗಳು ಕಣ್ಣಿಗೆ ಕಾಣದಷ್ಟು ಗಿಡ್ಡ, ಕೆಲವು ಬೆನ್ನುಹುರಿಯಿಂದ ಕಾಲಿನ ಬೆರಳಿನವರೆಗೆ. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯನ್ನು ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ಬಳ್ಳಿ ಗೆಣ್ಣು ಗೆಣ್ಣಿಗೂ ಬೇರು ಬಿಟ್ಟು ತೊಗಟೆಯನ್ನು ಕಚ್ಚಿಕೊಂಡು ಮೇಲೇರುತ್ತದೆ. ಹಿಡಿತ ಸಿಗದ ಚಿಗುರು ಜೋತು ಬೀಳುತ್ತದೆ, ಆಳು ಬಂದು ನಾರು ಕಟ್ಟಬೇಕು. ಆಕ್ಸಾನಿನ ತುದಿಯೂ ಹಾಗೆಯೇ ಹಿಡಿತ ಸಿಕ್ಕ ಕಡೆ ಮುಂದುವರಿಯುತ್ತದೆ. ಆದರೆ ಒಂದು ಕಡೆ ಹೋಲಿಕೆ ಮುರಿಯುತ್ತದೆ: ಬಳ್ಳಿ ಹಿಡಿದದ್ದನ್ನು ಬಿಡುವುದಿಲ್ಲ. ಆಕ್ಸಾನ್ ಬಿಡದಿದ್ದರೆ ಮುಂದೆ ಹೋಗುವುದೇ ಇಲ್ಲ.

ಹಿಡಿಯುವುದಕ್ಕೂ ಬಿಡುವುದಕ್ಕೂ ಇರುವ ಏರ್ಪಾಡು ಎನ್‌ಕ್ಯಾಮ್ ಎಂಬ ಪ್ರೋಟೀನಿನಲ್ಲಿ ಚೆನ್ನಾಗಿ ಕಾಣುತ್ತದೆ. ಇದನ್ನು 1977ರ ಸುಮಾರಿಗೆ ಕೋಳಿ ಭ್ರೂಣದ ಕಣ್ಣಿನ ಪರದೆಯಲ್ಲಿ ಗುರುತಿಸಿದ್ದು ಜೆರಾಲ್ಡ್ ಎಡೆಲ್‌ಮನ್ ತಂಡ. ರೋಗಾಣುಗಳನ್ನು ಹಿಡಿಯುವ ಪ್ರತಿಕಾಯಗಳ ರಚನೆ ಬಿಡಿಸಿದ್ದಕ್ಕೆ 1972ರಲ್ಲೇ ನೊಬೆಲ್ ಪಡೆದಿದ್ದ ಮನುಷ್ಯ. ಆಮೇಲೆ ನೋಡಿದರೆ ಎನ್‌ಕ್ಯಾಮಿನ ಮಡಿಕೆಗಳೂ ಪ್ರತಿಕಾಯದ ಮಡಿಕೆಗಳಂತೆಯೇ! ಭ್ರೂಣದಲ್ಲಿ ಈ ಪ್ರೋಟೀನಿನ ಮೇಲೆ ಪಾಲಿಸಿಯಾಲಿಕ್ ಆಸಿಡ್ ಎಂಬ ಸಕ್ಕರೆಯ ಉದ್ದ ಸರಪಳಿ ಇರುತ್ತದೆ. ಅದು ತುಂಬ ಜಾಗ ತಿನ್ನುವ, ಋಣ ವಿದ್ಯುದಂಶದ ಸರಪಳಿ. ಎರಡು ಕೋಶಗಳನ್ನು ತೀರಾ ಹತ್ತಿರ ಬರಗೊಡುವುದಿಲ್ಲ. ಹಾಗಾಗಿ ಎಳೆ ಜಾರಿಕೊಂಡು ಮುಂದೆ ಹೋಗಬಲ್ಲದು. ಹುಟ್ಟಿದ ಮೇಲೆ ಮಿದುಳಿನ ಬಹುಭಾಗದಲ್ಲಿ ಈ ಸರಪಳಿ ಕಡಿಮೆಯಾಗುತ್ತದೆ, ಹಿಡಿತ ಗಟ್ಟಿಯಾಗುತ್ತದೆ. ಒಂದು ಉಪಕಥೆ: ಮೆನಿಂಜೈಟಿಸ್ (ಮಿದುಳ ಪೊರೆಯ ಉರಿಯೂತ) ತರುವ ಬಿ ಗುಂಪಿನ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾ ಹೊದ್ದಿರುವುದೂ ಇದೇ ಸಕ್ಕರೆಯನ್ನೇ. ನಮ್ಮ ದೇಹ ಅದನ್ನು ತನ್ನದೇ ಎಂದುಕೊಳ್ಳುವುದರಿಂದ ಆ ಹೊದಿಕೆಯನ್ನು ಬಳಸಿ ಲಸಿಕೆ ಮಾಡಲು ಆಗಲಿಲ್ಲ. ಬ್ಯಾಕ್ಟೀರಿಯಾದ ಪ್ರೋಟೀನುಗಳ ಮೊರೆ ಹೋಗಬೇಕಾಯಿತು.

ಎಲ್1 ಎಂಬುದು ಇನ್ನೊಂದು ಅಂಟು ಪ್ರೋಟೀನ್. ಎಕ್ಸ್ ಕ್ರೋಮೋಸೋಮಿನ ಮೇಲಿರುವ ಇದರ ಜೀನ್ ಕೆಟ್ಟರೆ ಗಂಡುಮಕ್ಕಳಲ್ಲಿ ತಲೆಯಲ್ಲಿ ನೀರು ತುಂಬಿಕೊಳ್ಳುತ್ತದೆ, ಹೆಬ್ಬೆರಳು ಅಂಗೈಯೊಳಕ್ಕೆ ಮಡಚಿಕೊಂಡಿರುತ್ತದೆ, ಕಾಲು ಬಿಗಿ, ಮಿದುಳಿನ ಎಡಬಲ ಭಾಗಗಳನ್ನು ಬೆಸೆಯುವ ಎಳೆಗಳ ಸೇತುವೆ ತೆಳುವಾಗಿರುತ್ತದೆ ಅಥವಾ ಇರುವುದೇ ಇಲ್ಲ. ಅಪರೂಪದ ಕಾಯಿಲೆ. ಆದರೆ ಎಲ್1 ಬಗ್ಗೆ ಎಲ್ಲರೂ ತಿಳಿಯಬೇಕಾದ್ದೊಂದಿದೆ. ಪ್ರಯೋಗಶಾಲೆಯ ಕೋಶಗಳಲ್ಲಿ ಎಲ್1 ಹಿಡಿತವನ್ನು ಮದ್ಯಸಾರ ತಡೆಯುತ್ತದೆ ಎಂದು 1990ರ ದಶಕದಲ್ಲಿ ಕಂಡುಬಂತು, ಅದೂ ಒಂದೆರಡು ಪೆಗ್ ಕುಡಿದಾಗ ರಕ್ತದಲ್ಲಿ ಸೇರುವಷ್ಟು ಪ್ರಮಾಣದಲ್ಲೇ. ಗರ್ಭದಲ್ಲಿ ಮದ್ಯ ಮಾಡುವ ಹಾನಿಗೆ ಇದೊಂದೇ ಕಾರಣವಲ್ಲ. ಆದರೂ ‘ಸ್ವಲ್ಪ ಕುಡಿದರೆ ಏನೂ ಆಗಲ್ಲ’ ಎಂಬ ಮಾತಿಗೆ ಇದು ಸಾಕಷ್ಟು ಉತ್ತರ.

ಎಳೆಗೆ ತನ್ನ ಗುರಿ ಹೇಗೆ ಗೊತ್ತು ಎಂಬುದಕ್ಕೆ 1940ರ ದಶಕದಲ್ಲಿ ರೋಜರ್ ಸ್ಪೆರಿ ಮಾಡಿದ ಪ್ರಯೋಗವನ್ನು ನಾನು ತರಗತಿಯಲ್ಲಿ ತಪ್ಪದೆ ಹೇಳುತ್ತೇನೆ. ನ್ಯೂಟ್ ಎಂಬ ಹಲ್ಲಿಯಂಥ ಉಭಯವಾಸಿಯ ಕಣ್ಣಿನ ನರ ಕತ್ತರಿಸಿ, ಕಣ್ಣುಗುಡ್ಡೆಯನ್ನು ತಲೆಕೆಳಗಾಗಿ ತಿರುಗಿಸಿಟ್ಟರು. ಈ ಪ್ರಾಣಿಯಲ್ಲಿ ಕತ್ತರಿಸಿದ ನರ ಮತ್ತೆ ಬೆಳೆಯುತ್ತದೆ. ಬೆಳೆಯಿತು ಕೂಡ, ಪ್ರತಿ ಎಳೆಯೂ ಮಿದುಳಿನಲ್ಲಿ ತನ್ನ ಹಳೆಯ ಜಾಗಕ್ಕೇ ಹೋಗಿ ಸೇರಿತು. ಪರಿಣಾಮ, ಮೇಲೆ ಹಾರುವ ಹುಳುವಿಗೆ ಅದು ಕೆಳಗೆ ಬಾಯಿ ಹಾಕುತ್ತಿತ್ತು. ಎಷ್ಟು ಕಾಲ ಕಳೆದರೂ ತಿದ್ದಿಕೊಳ್ಳಲಿಲ್ಲ. ಎಳೆಗೂ ಗುರಿಗೂ ನಡುವೆ ರಾಸಾಯನಿಕ ಗುರುತು ಇದೆ, ಅನುಭವ ಅದನ್ನು ಬದಲಿಸುವುದಿಲ್ಲ ಎಂದು 1963ರಲ್ಲಿ ಸ್ಪೆರಿ ವಾದ ಮಂಡಿಸಿದರು. ಆ ಗುರುತುಗಳಲ್ಲಿ ಕೆಲವು ಎಫ್ರಿನ್ ಎಂಬ ಪ್ರೋಟೀನುಗಳು ಎಂದು ಮೂವತ್ತು ವರ್ಷಗಳ ನಂತರ ಗೊತ್ತಾಯಿತು.

ಗುರುತುಗಳು ಎಷ್ಟು ಬೇಕು? ಬಾಳೆಹಣ್ಣಿನ ಮೇಲೆ ಹಾರುವ ಸಣ್ಣ ನೊಣದಲ್ಲಿ ಡಿಎಸ್‌ಕ್ಯಾಮ್ ಎಂಬ ಒಂದೇ ಜೀನ್ ಇದೆ. ಅದರ ನಾಲ್ಕು ಜಾಗಗಳಲ್ಲಿ ಕ್ರಮವಾಗಿ 12, 48, 33, 2 ಆಯ್ಕೆಗಳಿವೆ. ಪ್ರತಿ ಸಲ ಒಂದೊಂದನ್ನು ಆರಿಸಿ ಜೋಡಿಸಿದರೆ 38,016 ಬಗೆಯ ಪ್ರೋಟೀನ್ ಆಗಬಹುದು. ನೊಣದ ಒಟ್ಟು ಜೀನುಗಳೇ ಸುಮಾರು ಹದಿನಾಲ್ಕು ಸಾವಿರ! 2000ದಲ್ಲಿ ಈ ಲೆಕ್ಕ ಬಂದಾಗ, ಪ್ರತಿ ಸಂಪರ್ಕಕ್ಕೂ ಒಂದೊಂದು ವಿಳಾಸ ಇದೇ ಇರಬೇಕು ಎಂದು ಹಲವರು ಅಂದುಕೊಂಡರು. ನಿಜ ಬೇರೆಯೇ ಇತ್ತು. ಒಂದೇ ನರಕೋಶದ ಎರಡು ಕೊಂಬೆಗಳು ಎದುರಾದಾಗ ಅವುಗಳ ಮೇಲಿನ ಪ್ರೋಟೀನ್ ಒಂದೇ ಬಗೆಯದಾಗಿರುತ್ತದೆ, ಒಂದನ್ನೊಂದು ಹಿಡಿಯುತ್ತವೆ, ಹಿಡಿದ ಕೂಡಲೇ ದೂರ ಸರಿಯುತ್ತವೆ. ತನ್ನ ಮೇಲೆ ತಾನೇ ಸಂಪರ್ಕ ಮಾಡಿಕೊಂಡು ಕೂರದಂತೆ ತಡೆಯುವ ಏರ್ಪಾಡು ಅದು. ಮನುಷ್ಯರಲ್ಲಿ ಈ ಕೆಲಸಕ್ಕೆ ಐವತ್ತಕ್ಕೂ ಹೆಚ್ಚು ಪ್ರೊಟೊಕ್ಯಾಡ್‌ಹೆರಿನ್‌ಗಳ ಗುಂಪು ಇದೆ. ಅಂಟು ಪ್ರೋಟೀನ್ ಎಂದರೆ ಬರೀ ಅಂಟಿಸುವುದು ಎಂದು ತಿಳಿದವರಿಗೆ ಇದು ನುಂಗಲಾರದ ತುತ್ತು: ಗುರುತಿಸುವುದು ಒಂದು, ಗುರುತಿಸಿದ ಮೇಲೆ ಏನು ಮಾಡಬೇಕೆಂಬುದು ಇನ್ನೊಂದು.

ಸಿನಾಪ್ಸ್, ಆಟಿಸಂ, ಮತ್ತು ಆ ವಿಡಿಯೊ

ಗುರಿ ಮುಟ್ಟಿದ ಎಳೆ ಅಲ್ಲಿ ಸಿನಾಪ್ಸ್ ಕಟ್ಟುತ್ತದೆ. ಒಂದು ಕೋಶದ ಸಂದೇಶ ಇನ್ನೊಂದಕ್ಕೆ ದಾಟುವ ಜಾಗ. ಎರಡೂ ದಡಗಳಲ್ಲಿ ಅಂಟು ಪ್ರೋಟೀನುಗಳಿವೆ. ಕಳಿಸುವ ಕಡೆ ನ್ಯೂರೆಕ್ಸಿನ್, ಪಡೆಯುವ ಕಡೆ ನ್ಯೂರೊಲಿಜಿನ್, ನಡುವಿನ ಸಂದಿಯಲ್ಲಿ ಎರಡೂ ಕೈ ಕೂಡಿಸಿರುತ್ತವೆ. ನ್ಯೂರೆಕ್ಸಿನ್ ಸಿಕ್ಕಿದ್ದು 1992ರಲ್ಲಿ ತಾಮಸ್ ಸೂಡಾಫ್ ತಂಡಕ್ಕೆ, ಬ್ಲ್ಯಾಕ್ ವಿಡೋ ಜೇಡದ ವಿಷ ನರದ ತುದಿಯಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ಹುಡುಕುವಾಗ. ನರಕೋಶವೇ ಅಲ್ಲದ ಕೋಶಕ್ಕೆ ನ್ಯೂರೊಲಿಜಿನ್ ತೊಡಿಸಿ ಆಕ್ಸಾನುಗಳ ಪಕ್ಕ ಇಟ್ಟರೆ, ಆಕ್ಸಾನ್ ಅದನ್ನು ನರಕೋಶವೆಂದೇ ನಂಬಿ ಸಿನಾಪ್ಸ್ ಕಟ್ಟಲು ಶುರುಮಾಡುತ್ತದೆ ಎಂದು 2000ದಲ್ಲಿ ತಿಳಿಯಿತು. ಹಾಗೆಂದು ನ್ಯೂರೊಲಿಜಿನ್ ಇಲ್ಲದಿದ್ದರೆ ಸಿನಾಪ್ಸ್ ಆಗುವುದೇ ಇಲ್ಲವೆಂದಲ್ಲ. 1, 2, 3ನೇ ನ್ಯೂರೊಲಿಜಿನ್‌ಗಳನ್ನೂ ಕಳೆದುಕೊಂಡ ಇಲಿಮರಿಗಳಲ್ಲಿ ಸಿನಾಪ್ಸ್‌ಗಳ ಸಂಖ್ಯೆ ಹೆಚ್ಚು ಬದಲಾಗಿರಲಿಲ್ಲ, ಅವು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತವು.

2003ರಲ್ಲಿ ಸ್ವೀಡನ್ನಿನ ಎರಡು ಕುಟುಂಬಗಳಲ್ಲಿ, ಆಟಿಸಂ ಬಳಗದ ತೊಂದರೆ ಇದ್ದ ಅಣ್ಣತಮ್ಮಂದಿರಲ್ಲಿ ನ್ಯೂರೊಲಿಜಿನ್ 3 ಮತ್ತು 4ರ ಜೀನುಗಳಲ್ಲಿ ಬದಲಾವಣೆ ಸಿಕ್ಕಿತು. ಆಟಿಸಂ ಸಿನಾಪ್ಸಿನ ವಿಷಯವೂ ಹೌದು ಎಂದು ವಿಜ್ಞಾನಿಗಳು ಗಟ್ಟಿಯಾಗಿ ಹೇಳತೊಡಗಿದ್ದು ಅಲ್ಲಿಂದ. ವಿಡಿಯೊ ಮಾಡುವವರಿಗೆ ‘ಸಂಪರ್ಕ’ ಎಂಬ ಪದ ಸಿಕ್ಕಿರುವುದೂ ಇಂಥ ಸಂಶೋಧನೆಗಳಿಂದಲೇ. ಆದರೆ ನ್ಯೂರೊಲಿಜಿನ್ ಬದಲಾವಣೆ ಆಟಿಸಂ ಇರುವವರಲ್ಲಿ ತೀರಾ ಕೆಲವರಿಗೆ ಮಾತ್ರ. 2020ರ ಒಂದು ದೊಡ್ಡ ಅಧ್ಯಯನ ಆಟಿಸಂ ಜೊತೆ ನಂಟಿರುವ 102 ಜೀನುಗಳನ್ನು ಪಟ್ಟಿ ಮಾಡಿತು. ಬಹಳಷ್ಟು ಮಕ್ಕಳಲ್ಲಿ ಇಂಥ ಒಂದೇ ಜೀನನ್ನು ಬೊಟ್ಟು ಮಾಡಿ ತೋರಿಸಲೂ ಆಗುವುದಿಲ್ಲ.

ಈಗ ಮಜ್ಜೆಯ ಕೋಶಗಳಿಗೆ ಬನ್ನಿ. ಸೊಂಟದಿಂದ ತೆಗೆದದ್ದು ಮುಖ್ಯವಾಗಿ ರಕ್ತ ತಯಾರಿಸುವ ಕೋಶಗಳು. ಅವು ಬೆನ್ನಿನ ನೀರಿನಿಂದ ಮಿದುಳಿನೊಳಕ್ಕೆ ಇಳಿದು, ನರಕೋಶಗಳಾಗಿ ಬದಲಾಗಿ, ಸರಿಯಾದ ಪದರದಲ್ಲಿ ನಿಂತು, ಎಳೆ ಚಾಚಿ, ಭ್ರೂಣದ ಕಾಲದಲ್ಲಿ ಇದ್ದು ಈಗ ಬಹುಪಾಲು ಅಳಿಸಿಹೋದ ಗುರುತುಗಳನ್ನು ಓದಿ, ಸರಿಯಾದ ಗುರಿಯಲ್ಲಿ ನ್ಯೂರೆಕ್ಸಿನ್–ನ್ಯೂರೊಲಿಜಿನ್ ಜೋಡಿ ಕೂಡಿಸಬೇಕು. ಇದರಲ್ಲಿ ಮೊದಲ ಹೆಜ್ಜೆಗೇ ಪುರಾವೆ ಇಲ್ಲ. ಇನ್ನೂ ಸರಳವಾದ ಒಂದು ವಿಷಯವನ್ನು ಯಾರೂ ಕೇಳುವುದಿಲ್ಲ. ಮಗುವಿನ ತೊಂದರೆ ನಿಜಕ್ಕೂ ಹುಟ್ಟಿನಿಂದ ಬಂದ ಜೀನ್ ಬದಲಾವಣೆಯಿಂದ ಆಗಿದ್ದರೆ, ಅದೇ ಬದಲಾವಣೆ ಅದರ ಮಜ್ಜೆಯ ಕೋಶಗಳಲ್ಲೂ ಇರುತ್ತದೆ. ಕೆಟ್ಟ ನಕಲನ್ನೇ ತೆಗೆದು ಕೆಟ್ಟ ಜಾಗಕ್ಕೆ ಹಾಕಿದಂತಾಯಿತು.

ಸ್ಟೆಮ್ ಸೆಲ್ ವಿಜ್ಞಾನವೇ ಸುಳ್ಳೆಂದು ಇದರ ಅರ್ಥವಲ್ಲ. ಜಪಾನಿನ ಕ್ಯೋಟೊದಲ್ಲಿ 2018ರಲ್ಲಿ ಶುರುವಾದ, ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆಯ ಪ್ರಯೋಗದಲ್ಲಿ ಏಳು ಮಂದಿಗೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳನ್ನು ನೇರವಾಗಿ ಮಿದುಳಿನ ಒಂದು ಭಾಗಕ್ಕೆ ನೆಟ್ಟರು. 2025ರಲ್ಲಿ ಪ್ರಕಟವಾದ ಫಲಿತಾಂಶ ಭರವಸೆ ಹುಟ್ಟಿಸುವಂಥದ್ದು. ಅಲ್ಲಿ ಆ ಕೋಶಗಳಿಗೆ ಮುಖ್ಯವಾಗಿ ಇರುವ ಕೆಲಸ ಡೋಪಮೈನ್ ಎಂಬ ರಾಸಾಯನಿಕ ಸುರಿಸುವುದು, ಇಡೀ ಜಾಲವನ್ನು ಮರುಹೆಣೆಯುವುದಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ನಿಮ್ಹಾನ್ಸ್ ಜೊತೆಗೂಡಿ, ಮಾನಸಿಕ ಕಾಯಿಲೆ ಇರುವ ಕುಟುಂಬಗಳವರ ರಕ್ತದಿಂದ ಸ್ಟೆಮ್ ಸೆಲ್ ತಯಾರಿಸಿ, ಅವನ್ನು ತಟ್ಟೆಯಲ್ಲಿ ನರಕೋಶಗಳಾಗಿ ಬೆಳೆಸಿ, ಏನು ಎಡವಟ್ಟಾಗಿದೆ ಎಂದು ನೋಡುತ್ತಿವೆ. ಸದ್ಯಕ್ಕೆ ಇದರ ನಿಜವಾದ ಬಳಕೆ ಅಲ್ಲಿದೆ.

ಕಾನೂನಿನ ಕಡೆಯಿಂದಲೂ ಗೊಂದಲವಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥವನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಕ್ಲಿನಿಕಲ್ ಟ್ರಯಲ್ (ನಿಯಮಬದ್ಧ ಪ್ರಯೋಗ) ಒಳಗೆ ಮಾತ್ರ. ಆಟಿಸಂಗೆ ಇದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತೆ ಮತ್ತು ನೋಂದಣಿ ಮಂಡಳಿ 2022ರ ಡಿಸೆಂಬರಿನಲ್ಲೇ ಹೇಳಿದೆ. ಟ್ರಯಲ್ ಎಂದರೆ ಸಿಟಿಆರ್‌ಐ ಎಂಬ ಸರ್ಕಾರಿ ಟ್ರಯಲ್ ಪಟ್ಟಿಯ ನೋಂದಣಿ ಸಂಖ್ಯೆ ಇರಬೇಕು, ಸೇರಿದವರಿಂದ ದುಡ್ಡು ತೆಗೆದುಕೊಳ್ಳಬಾರದು. ಅರಸೀಕೆರೆಯವರಿಗೆ ನಾನು ಹೇಳಿದ್ದು ಇಷ್ಟೇ: ಆ ನಂಬರಿಗೆ ಫೋನ್ ಮಾಡಿ ಎರಡು ಕೇಳಿ, ನೋಂದಣಿ ಸಂಖ್ಯೆ ಎಷ್ಟು, ಟ್ರಯಲ್ ಆದರೆ ನನ್ನಿಂದ ದುಡ್ಡು ಯಾಕೆ. ಅವರು ಕೇಳಿದರಂತೆ. ‘ಡಾಕ್ಟ್ರು ವಾಪಸ್ ಫೋನ್ ಮಾಡ್ತಾರೆ’ ಅಂದರಂತೆ, ಯಾರೂ ಮಾಡಲಿಲ್ಲ.

ಹಾಗಾದರೆ ಮಗುವಿಗೆ ಏನೂ ಇಲ್ಲವೇ? ಇದೆ. ಮೂಲ ಜಾಲ ಬದಲಾಗದಿದ್ದರೂ ಸಿನಾಪ್ಸ್‌ಗಳು ಬಾಲ್ಯದುದ್ದಕ್ಕೂ, ಆಮೇಲೂ, ಬಳಕೆಗೆ ತಕ್ಕಂತೆ ಹುಟ್ಟುತ್ತವೆ, ಸಾಯುತ್ತವೆ, ಗಟ್ಟಿಯಾಗುತ್ತವೆ. ಸ್ಪೀಚ್ ಥೆರಪಿ, ಆಟದ ಮೂಲಕ ಕಲಿಸುವುದು, ಮನೆಯವರಿಗೆ ಕೊಡುವ ತರಬೇತಿ ಕೆಲಸ ಮಾಡುವುದು ಅಲ್ಲೇ ಇರುವ ಕೋಶಗಳ ಮೇಲೆ. ನಿಧಾನ, ಪಿಟೀಲು ಬಾರಿಸುವಂಥ ದೃಶ್ಯ ಸಿಗುವುದಿಲ್ಲ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗ ‘ಹೆಸರು ಕರೆದರೆ ತಿರುಗಲ್ಲ’ ಎಂದು ಧೈರ್ಯವಾಗಿ ಹೇಳಿದರೆ, ಜಿಲ್ಲಾ ಆಸ್ಪತ್ರೆಯ ಆರಂಭಿಕ ಪತ್ತೆ ಕೇಂದ್ರಕ್ಕೆ ದಾರಿ ಆಗುತ್ತದೆ. ‘ಅವರಪ್ಪನೂ ಲೇಟಾಗಿ ಮಾತಾಡಿದ್ದು’ ಎಂದು ಅಜ್ಜಿಯರು ಕಳೆಸುವ ಎರಡು ವರ್ಷ ಅತ್ಯಂತ ದುಬಾರಿ.

ಕಿವಿ ಮತ್ತು ಮೂಗು

ಅಂಟು ಪ್ರೋಟೀನ್ ಕೆಟ್ಟ ಮೇಲೂ ಏನು ಮಾಡಬಹುದು ಎಂಬುದಕ್ಕೆ ಕಿವಿಯೇ ಒಳ್ಳೆಯ ಉದಾಹರಣೆ. ಒಳಕಿವಿಯ ಕೋಶಗಳ ಮೇಲೆ ರೋಮದಂಥ ಸಾಲುಗಳಿವೆ. ಒಂದರ ತುದಿಯಿಂದ ಪಕ್ಕದ್ದಕ್ಕೆ ಬಿಗಿದ ಅತಿ ಸಣ್ಣ ತಂತಿ. ಶಬ್ದಕ್ಕೆ ರೋಮ ಬಾಗಿದಾಗ ತಂತಿ ಜಗ್ಗಿ ಬಾಗಿಲು ತೆರೆಯುತ್ತದೆ, ಸಂಕೇತ ಹುಟ್ಟುತ್ತದೆ. ಆ ತಂತಿ ಕ್ಯಾಡ್‌ಹೆರಿನ್ 23 ಮತ್ತು ಪ್ರೊಟೊಕ್ಯಾಡ್‌ಹೆರಿನ್ 15 ತುದಿಗೆ ತುದಿ ಕೂಡಿ ಆದದ್ದು ಎಂದು 2007ರಲ್ಲಿ ತಿಳಿಯಿತು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದ ಮಗುವಿಗೆ ಹುಟ್ಟು ಕಿವುಡು. ಕೆಲವರಿಗೆ ಮುಂದೆ ಕಣ್ಣೂ ಮಂಜಾಗುತ್ತದೆ. ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಮದುವೆಯಾಗುವ ನಮ್ಮ ಕಡೆ ಇಬ್ಬರಲ್ಲೂ ಒಂದೇ ಕೆಟ್ಟ ಜೀನ್ ಇರುವ ಸಂಭವ ಹೆಚ್ಚು. ಹಾಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಹುಟ್ಟು ಕಿವುಡಿನಲ್ಲಿ ಹೆಚ್ಚು ಸಿಗುವುದು ಕನೆಕ್ಸಿನ್ 26 ಎಂಬ ಬೇರೆ ಪ್ರೋಟೀನಿನ ದೋಷ ಎಂಬುದನ್ನೂ ಹೇಳಬೇಕು. ಮಾಡಬೇಕಾದ್ದು ಎರಡರಲ್ಲೂ ಒಂದೇ. ತಂತಿ ಸರಿಪಡಿಸಲು ಆಗದು. ಅದನ್ನು ಬಿಟ್ಟು ನೇರವಾಗಿ ನರಕ್ಕೆ ಸಂಕೇತ ಕೊಡುವ ಕಾಕ್ಲಿಯರ್ ಇಂಪ್ಲಾಂಟ್ ಇದೆ, ಆ ನರ ಚೆನ್ನಾಗಿದೆ. ಆದರೆ ಶಬ್ದವೇ ಕೇಳದ ಮಿದುಳು ಭಾಷೆಗೆ ಕಾಯುತ್ತ ಕೂರುವುದಿಲ್ಲ. ಮೂರು ವರ್ಷದೊಳಗೆ ಹಾಕಿಸಿದರೆ ಸಿಗುವ ಫಲ ಏಳಕ್ಕೆ ಸಿಗದು. ಕಿವಿ ಪರೀಕ್ಷಿಸುವ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಹಾಸನದಿಂದ ಬಸ್ಸಿನಲ್ಲಿ ಮೂರು ತಾಸಿನ ದಾರಿ.

ಮೂಗಿನದು ಇನ್ನೂ ವಿಚಿತ್ರ. ಪ್ರಾಯಕ್ಕೆ ಬರಲು ಹಾರ್ಮೋನಿನ ಆಜ್ಞೆ ಕೊಡುವ ನರಕೋಶಗಳು ಹುಟ್ಟುವುದು ಭ್ರೂಣದ ಮೂಗಿನಲ್ಲಿ. ಅಲ್ಲಿಂದ ವಾಸನೆಯ ನರದ ಎಳೆಗಳನ್ನೇ ಹಿಡಿದುಕೊಂಡು ಮಿದುಳಿಗೆ ಹೋಗುತ್ತವೆ. ಅನೋಸ್ಮಿನ್ ಎಂಬ ಅಂಟು ಪ್ರೋಟೀನ್ ಇಲ್ಲದಿದ್ದರೆ ಎಳೆಗಳು ಮಿದುಳಿನ ಹೊಸ್ತಿಲಲ್ಲೇ ನಿಲ್ಲುತ್ತವೆ, ಹಿಂದೆ ಬಂದ ಕೋಶಗಳೂ ಅಲ್ಲೇ. ಇದು ಕಾಲ್‌ಮನ್ ಸಿಂಡ್ರೋಮಿನ ಒಂದು ಬಗೆ, ಅನೋಸ್ಮಿನ್ ಜೀನ್ ಸಿಕ್ಕಿದ್ದು 1991ರಲ್ಲಿ. ಹುಡುಗನಿಗೆ ಹದಿನೇಳಾದರೂ ಗಂಟಲು ಒಡೆಯುವುದಿಲ್ಲ, ಮೀಸೆ ಚಿಗುರುವುದಿಲ್ಲ. ಜೊತೆಗೆ ಹುಟ್ಟಿನಿಂದಲೇ ವಾಸನೆ ಗೊತ್ತಿಲ್ಲ. ಎರಡನೆಯದನ್ನು ಅವನು ಯಾರಿಗೂ ಹೇಳಿರುವುದಿಲ್ಲ, ಅವನಿಗೇ ಅದು ಕೊರತೆಯೆಂದು ಗೊತ್ತಿರುವುದಿಲ್ಲ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಕಾಫಿ ಹುರಿಯುವ ಅಂಗಡಿಯ ಮುಂದೆ ನಿಂತು ಏನೂ ಅನಿಸದ ಹುಡುಗನಿಗೆ ಒಂದು ಪ್ರಶ್ನೆ ಕೇಳಿದರೆ ಸಾಕು, ವೈದ್ಯರು ಅರ್ಧ ದಾರಿ ಕ್ರಮಿಸಿದಂತೆ. ಆಮೇಲೆ ರಕ್ತದ ಹಾರ್ಮೋನ್ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್, ಏಕೆಂದರೆ ಈ ಬಗೆಯಲ್ಲಿ ಕೆಲವರಿಗೆ ಒಂದೇ ಮೂತ್ರಪಿಂಡ ಇರುತ್ತದೆ. ವಾಸನೆ ಬರಿಸಲು ಆಗುವುದಿಲ್ಲ. ಟೆಸ್ಟೊಸ್ಟಿರೋನ್ ಕೊಟ್ಟರೆ ಪ್ರಾಯ ಬರುತ್ತದೆ, ಮೂಳೆ ಗಟ್ಟಿಯಾಗುತ್ತದೆ. ಮಕ್ಕಳು ಬೇಕೆಂದಾಗ ಬೇರೆ ಹಾರ್ಮೋನಿನ ಚುಚ್ಚುಮದ್ದಿನಿಂದ ಅನೇಕರಿಗೆ ಅದೂ ಆಗುತ್ತದೆ. ಜೀನ್ ಹುಡುಗನಿಗೆ ತಾಯಿಯಿಂದ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ತಾಯಿಯ ಅಣ್ಣತಮ್ಮಂದಿರನ್ನೂ ವಿಚಾರಿಸಬೇಕು. ‘ಅವನಿಗೆ ಮದುವೆ ಇಷ್ಟವಿರಲಿಲ್ಲ’ ಎಂದು ಮನೆಯವರು ಹೇಳಿ ಮುಗಿಸಿದ ಸೋದರಮಾವ ಒಬ್ಬರಿದ್ದರೆ, ಅವರನ್ನೂ ಕರೆದುಕೊಂಡು ಹೋಗಿ. ನಲವತ್ತೈದಾಗಿದ್ದರೂ ಚಿಕಿತ್ಸೆ ಶುರು ಮಾಡಬಹುದು.